ಗುಬ್ಬಿ ಪೆಟ್ಟಿಗೆಗೆ ಐದಡಿ ಹಲಗೆ

ಧಾರವಾಡದ ಮಂಗಳೂರು ಹೆಂಚಿನ ಮನೆಗಳಲ್ಲಿ, ಗದಗ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗುಬ್ಬಿಗೆ ಯಾರೂ ಗೂಡು ಮಾಡಿಕೊಡಬೇಕಿರಲಿಲ್ಲ. ತೊಲೆ-ಜಂತಿಯ ಸಂದಿಯೇ ಸಾಕಾಗುತ್ತಿತ್ತು. ಸ್ಲ್ಯಾಬ್ ಮನೆಯಲ್ಲಿ ಆ ಸಂದಿ ಇಲ್ಲ, ಅದನ್ನೇ ಕಟ್ಟಿಗೆಯಲ್ಲಿ ಮಾಡಿ ಗೋಡೆಗೆ ಬಡಿಯುವುದು ನನ್ನ ಕೆಲಸ. ಚೆಂದದ ಗೊಡವೆ ಬೇಡ. ಒಳಗೆ ನೀರು ಇಳಿಯಬಾರದು, ಮರಿ ಬೇಯಬಾರದು, ಬೆಕ್ಕಿನ ಕೈ ತಳ ಮುಟ್ಟಬಾರದು, ತೆರೆದು ಸ್ವಚ್ಛ ಮಾಡಲು ಬರಬೇಕು. ಅಂಗಡಿಯ ಬಣ್ಣಬಣ್ಣದ ಗೂಡುಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಪ್ಲೈವುಡ್, ಎಂಡಿಎಫ್ ಬೇಡ. ಮೊದಲನೆಯದು ಮಳೆಗೆ ಪದರು ಬಿಡುತ್ತದೆ, ಎರಡನೆಯದು ಉಬ್ಬಿ ಪುಡಿಯಾಗುತ್ತದೆ. ಬಾಗಿಲು-ಕಿಟಕಿ ಮಾಡುವ ಬಡಿಗೇರರ ಹತ್ತಿರ ಉಳಿಯುವ ಸಾಗವಾನಿ ತುಂಡುಗಳು ಎಲ್ಲಕ್ಕಿಂತ ಒಳ್ಳೆಯವು, ದರವೂ ಅಷ್ಟಾಗಿ ಆಗದು. ಮಾವಿನ ಹಲಗೆ ಅಗ್ಗ, ಆದರೆ ಬೇಗ ಹುಳ ಹಿಡಿದು ಹಿಟ್ಟು ಉದುರಿಸುತ್ತದೆ. ಹುಬ್ಬಳ್ಳಿಯ ಗುಜರಿಗಳಲ್ಲಿ ಸಿಗುವ ಪ್ಯಾಕಿಂಗ್ ಪ್ಯಾಲೆಟ್‌ನ ಪೈನ್ ಕೂಡ ನಡೆಯುತ್ತದೆ. ಅದರ ಮೇಲೆ ‘ಎಚ್‌ಟಿ’ ಮುದ್ರೆ ಇದ್ದರೆ ಬರೀ ಶಾಖದಿಂದ ಸಂಸ್ಕರಿಸಿದ್ದು. ‘ಎಂಬಿ’ ಎಂದಿದ್ದರೆ ವಿಷದ ಹೊಗೆ ಹಾಕಿದ್ದು, ಅದನ್ನು ಅಲ್ಲಿಯೇ ಬಿಡಿ.

ರಂದಾ ಹೊಡೆದ ಮೇಲೆ 15 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ ಉಳಿಯುವ ಐದಡಿ ಹಲಗೆ ಒಂದು, ಮಾಡಿಗೆ 20 × 24 ಸೆಂ.ಮೀ. ತುಂಡು ಒಂದು. ಇಷ್ಟೇ ಸಾಮಾನು. ತೆಳು ಹಲಗೆ ಬಿಸಿಲಿಗೆ ಸೊಟ್ಟಾಗುತ್ತದೆ, ಒಳಗಿನ ಸೆಕೆಯನ್ನೂ ತಡೆಯುವುದಿಲ್ಲ. ಏಪ್ರಿಲ್‌ನ ಗದಗದಲ್ಲಿ ಇದು ಸಣ್ಣ ಮಾತಲ್ಲ. ಹಲಗೆಯಲ್ಲಿ ಹಿಂಬದಿಗೆ 43 ಸೆಂ.ಮೀ., ಮುಂಬದಿಗೆ 24, ತಳಕ್ಕೆ 11. ಎರಡು ಪಕ್ಕಗಳಿಗೆ ಸೇರಿ 55ರ ಒಂದೇ ತುಂಡು: ಒಂದು ಅಂಚಿನಲ್ಲಿ 30ಕ್ಕೆ, ಎದುರಿನ ಅಂಚಿನಲ್ಲಿ 25ಕ್ಕೆ ಗುರುತು ಹಾಕಿ ಓರೆಯಾಗಿ ಕೊಯ್ದರೆ ಎರಡೂ ಪಕ್ಕ ಮಾಡಿನ ಇಳಿಜಾರಿನೊಂದಿಗೇ ಸಿದ್ಧ. ಮುಂಬದಿಯನ್ನು ಬೇಕೆಂದೇ ಒಂದು ಸೆಂ.ಮೀ. ಗಿಡ್ಡ ಇಟ್ಟಿದ್ದೇನೆ. ಮಾಡಿನ ಕೆಳಗೆ ಉಳಿಯುವ ಆ ಸೀಳಿನಿಂದ ಬಿಸಿಗಾಳಿ ಹೊರಹೋಗುತ್ತದೆ. ಒಳಮೈಗೆ ರಂದಾ ಬೇಡ, ಒರಟಾಗಿಯೇ ಇರಲಿ.

ತೂತು 32 ಮಿ.ಮೀ., ಮುಂಬದಿಯ ಕೆಳ ಅಂಚಿನಿಂದ ಅದರ ನಡುವಿಗೆ 18 ಸೆಂ.ಮೀ. ಗುಬ್ಬಿ ಸಲೀಸಾಗಿ ನುಗ್ಗುತ್ತದೆ, ಗೊರವಂಕಕ್ಕೆ ಆಗುವುದಿಲ್ಲ. ಐವತ್ತು ಮಿ.ಮೀ. ಮಾಡಿದರೆ ಗುಬ್ಬಿಯ ಹೆಸರಿನಲ್ಲಿ ಗೊರವಂಕಕ್ಕೆ ಮನೆ ಕಟ್ಟಿದ ಹಾಗೆ. ದುಂಡು ತೂತು ಕೊಯ್ಯುವ ಹೋಲ್ ಸಾ ಬಿಟ್ ಇಲ್ಲದಿದ್ದರೆ ವೃತ್ತದ ಒಳಗೆರೆಗುಂಟ ಸಣ್ಣ ತೂತು ಕೊರೆದು, ನಡುವಿನ ಬಿಲ್ಲೆ ತಟ್ಟಿ ತೆಗೆದು, ಅರ್ಧಗೋಲದ ಕಾನಸಿನಿಂದ ಉಜ್ಜಬೇಕು. ಹೊರಗೆ ಕೂರುವ ಕಡ್ಡಿ ಬೇಡವೇ ಬೇಡ. ಗುಬ್ಬಿಗೆ ಅದರ ಅಗತ್ಯವಿಲ್ಲ, ಕಾಗೆಗೆ ಕೂತು ಇಣುಕಲು ಅನುಕೂಲ. ತೂತಿನ ಕೆಳಗೆ ಒಳಮೈಯಲ್ಲಿ ಗರಗಸದಿಂದ ಒಂದೊಂದು ಸೆಂ.ಮೀ. ಅಂತರಕ್ಕೆ ಅಡ್ಡ ಗೆರೆ ಕೊಯ್ದಿಡಿ, ಮರಿ ಹತ್ತಿ ಬರಲು ಉಗುರಿಗೆ ಹಿಡಿತ ಸಿಗುತ್ತದೆ.

ಜೋಡಿಸಲು ಎಂಟು ನಂಬರಿನ ಒಂದೂವರೆ ಇಂಚು ಸ್ಕ್ರೂ. ಮೊಳೆ ಬಳಸಿದರೆ ಮಾರ್ಚ್‌ನಲ್ಲಿ ಒಣಗಿ ಜೂನ್‌ನಲ್ಲಿ ಹಿಗ್ಗುವ ಹಲಗೆ ಅದನ್ನು ಮೆಲ್ಲಗೆ ಹೊರದೂಡುತ್ತದೆ. ಮೊದಲು 3 ಮಿ.ಮೀ. ಬಿಟ್‌ನಿಂದ ದಾರಿ ಕೊರೆಯದಿದ್ದರೆ ಸಾಗವಾನಿಯ ತುದಿ ಸೀಳುವುದು ಖಚಿತ. ಪಕ್ಕಗಳು ಹಿಂಬದಿ-ಮುಂಬದಿಗಳ ನಡುವೆ ಕೂರುತ್ತವೆ, ಹಿಂಬದಿ ಕೆಳಗೆ 6, ಮೇಲೆ 7 ಸೆಂ.ಮೀ. ಉಳಿಯುತ್ತದೆ. ತಳದ ನಾಲ್ಕೂ ಮೂಲೆಗೆ 6 ಮಿ.ಮೀ. ತೂತು ಹಾಕಿ, ಪಕ್ಕಗಳ ಕೆಳ ಅಂಚಿಗಿಂತ ಒಂದು ಸೆಂ.ಮೀ. ಮೇಲೆ ಕೂರಿಸಿ. ಅಂಚಿಗೆ ಸಮ ಕೂರಿಸಿದರೆ ಗೋಡೆಯ ಮೇಲಿಂದ ಇಳಿದ ನೀರನ್ನು ತಳ ಹೀರುತ್ತದೆ.

ಒಂದು ಪಕ್ಕ ಬಾಗಿಲಾಗಬೇಕು. ಬಿಜಾಗರಿ ತುಕ್ಕು ಹಿಡಿಯುತ್ತದೆ, ಅದಕ್ಕಿಂತ ಎರಡು ಸ್ಕ್ರೂ ವಾಸಿ. ಬಾಗಿಲಾಗುವ ಪಕ್ಕದ ಕೆಳ ಅಂಚಿನಿಂದ 22 ಸೆಂ.ಮೀ. ಎತ್ತರದಲ್ಲಿ ಮುಂಬದಿಯಿಂದ ಒಂದು, ಹಿಂಬದಿಯಿಂದ ಒಂದು. ಎರಡೂ ಒಂದೇ ಮಟ್ಟಕ್ಕೆ ಇರಬೇಕು, ಎರಡು ಮಿ.ಮೀ. ಹೆಚ್ಚುಕಡಿಮೆಯಾದರೂ ಬಾಗಿಲು ಸಿಕ್ಕಿಕೊಳ್ಳುತ್ತದೆ. ಈ ಪಕ್ಕದ ಮೇಲಂಚನ್ನು 4 ಮಿ.ಮೀ. ಕೀಸಿ ತೆಗೆಯಿರಿ. ಇಲ್ಲದಿದ್ದರೆ ತೆರೆಯುವಾಗ ಮೇಲಂಚು ಮಾಡಿಗೆ ಒತ್ತಿಕೊಂಡು ಬಾಗಿಲು ತಿರುಗುವುದೇ ಇಲ್ಲ. ಕೆಳಗೆ ಒಂದು ಸ್ಕ್ರೂ ಬೀಗದ ಹಾಗೆ.

ಮಾಡಿನ ಹಿಂದಂಚನ್ನು ಇಳಿಜಾರಿಗೆ ತಕ್ಕ ಹಾಗೆ ಕೀಸಿ, ಹಿಂಬದಿಗೂ ಗಟ್ಟಿ ಪಕ್ಕಕ್ಕೂ ಮಾತ್ರ ಬಿಗಿಯಿರಿ. ಮುಂದೆ ಸುಮಾರು ಆರು, ಪಕ್ಕಕ್ಕೆ ಎರಡೂವರೆ ಸೆಂ.ಮೀ. ಚಾಚುತ್ತದೆ. ನೀರು ನುಗ್ಗುವುದು ಮಾಡು-ಹಿಂಬದಿ ಕೂಡುವ ಗೆರೆಯಲ್ಲಿ. ಹಳೇ ಟ್ಯೂಬಿನ ಐದು ಸೆಂ.ಮೀ. ಪಟ್ಟಿಯನ್ನು ಅಲ್ಲಿ ಸಣ್ಣ ಮೊಳೆಗಳಿಂದ ಕೂರಿಸಿದರೆ ಮುಗಿಯಿತು. ತಗಡು ಹೊದಿಸುವ ಆಸೆ ಬೇಡ, ಮರಿ ಬೇಯುತ್ತವೆ.

ಹೊರಮೈಗೆ ಅಗಸಿ ಎಣ್ಣೆ ಎರಡು ಕೈ, ಒಳಗೆ ಏನೂ ಇಲ್ಲ. ವಾಸನೆ ಪೂರ್ತಿ ಹೋಗುವ ತನಕ ನೆರಳಲ್ಲಿ ಒಣಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು; ಹರವಿ ಒಣಗಿಸಿ. ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ಸುಟ್ಟ ಇಂಜಿನ್ ಆಯಿಲ್ ಪೆಟ್ಟಿಗೆಯ ಹತ್ತಿರ ಸುಳಿಯಕೂಡದು.

ಧಾರವಾಡದ ಮುಂಗಾರು ಪಶ್ಚಿಮ, ನೈಋತ್ಯದಿಂದ ಅಡ್ಡಕ್ಕೆ ಬಡಿಯುತ್ತದೆ, ಬೇಸಿಗೆಯ ಮಧ್ಯಾಹ್ನದ ಬಿಸಿಲೂ ಅದೇ ಕಡೆಯದು. ಹಾಗಾಗಿ ತೂತು ಪೂರ್ವಕ್ಕೆ, ಇಲ್ಲವೇ ಉತ್ತರಕ್ಕೆ ಇರಲಿ. ಎಂಟರಿಂದ ಹತ್ತು ಅಡಿ ಎತ್ತರದಲ್ಲಿ, ಸಜ್ಜಾದ ಕೆಳಗಿನ ಗೋಡೆ ಉತ್ತಮ. ಬೆಕ್ಕು ಕಾಂಪೌಂಡ್ ಗೋಡೆಯಿಂದ ಜಿಗಿಯುತ್ತದೆ, ಕನಿಷ್ಠ ಆರಡಿ ದೂರ ಬೇಕು. ಫ್ಯಾನ್ ತಿರುಗುವ ಪಡಸಾಲೆಯಲ್ಲಿ ಹಾಕಲೇಬೇಡಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಸೆಂ.ಮೀ. ರೀಪು ಕೊಟ್ಟರೆ ಬೆನ್ನು ಒಣಗುತ್ತದೆ. ಗುಬ್ಬಿ ಗುಂಪಿನ ಹಕ್ಕಿ, ಒಂದಕ್ಕಿಂತ ಎರಡು-ಮೂರು ಪೆಟ್ಟಿಗೆ ಇದ್ದರೆ ಬೇಗ ಬರುತ್ತವೆ. ದೀಪಾವಳಿಯಿಂದ ಸಂಕ್ರಾಂತಿಯ ಒಳಗೆ ಕಟ್ಟಿಬಿಡಿ, ಬೇಸಿಗೆಯ ಹೊತ್ತಿಗೆ ಪೆಟ್ಟಿಗೆ ರೂಢಿಯಾಗಿರುತ್ತದೆ.

ಒಳಗೆ ಹುಲ್ಲು, ಹತ್ತಿ, ಕಾಳು ಏನೂ ಇಡಬೇಡಿ. ಕಾಳು ಇರುವೆಯನ್ನು ಕರೆಯುತ್ತದೆ, ಹುಲ್ಲು ಅವೇ ತರುತ್ತವೆ. ಜೋಳ, ನವಣೆ ದೊಡ್ಡ ಹಕ್ಕಿಗೆ ಸರಿ. ಮರಿಗೆ ಬೇಕಿರುವುದು ಹುಳು. ಹಿತ್ತಲ ಕರಿಬೇವು, ದಾಸವಾಳಕ್ಕೆ ಔಷಧ ಹೊಡೆಯುವವರ ಮನೆಯಲ್ಲಿ ಪೆಟ್ಟಿಗೆ ಹಾಕಿ ಪ್ರಯೋಜನ ಕಡಿಮೆ. ಮೊಟ್ಟೆ ಒಡೆಯಲು ಹನ್ನೊಂದರಿಂದ ಹದಿನಾಲ್ಕು ದಿನ, ಮರಿ ಹಾರಲು ಮತ್ತೆ ಎರಡು ವಾರ. ಅಲ್ಲಿಯವರೆಗೆ ಬಾಗಿಲು ಮುಟ್ಟಬೇಡಿ. ಓಡಾಟ ಪೂರ್ತಿ ನಿಂತ ಮೇಲೆ ಹಳೇ ಗೂಡು ಎಳೆದು ಹಾಕಿ, ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಿಸಿ. ಫಿನಾಯಿಲ್ ಬೇಡ. ಇಣಚಿ ತೂತಿನ ಅಂಚು ಕಡಿದು ಅಗಲ ಮಾಡಿದ್ದರೆ, 32 ಮಿ.ಮೀ. ತೂತಿನ ತಗಡಿನ ಬಿಲ್ಲೆಯೊಂದನ್ನು ಮೇಲೆ ಕೂರಿಸಿ. ತಗಡಿನ ಅಂಚು ಕಾನಸಿನಿಂದ ನುಣ್ಣಗಾಗಿರಬೇಕು.