ಸೊಪ್ಪು ಬೆಳೆಯುವ ಮನೆತನಕ್ಕೊಂದು ಪಾತಿ ಪುಸ್ತಕ

ಕೃಷಿ ಕುಟುಂಬದ ಚರಿತ್ರೆ ಬರೆಯಲು ಕೂತವರು ಜಮೀನು ಯಾರು ಕೊಂಡರು, ಬಾವಿ ಯಾರ ಕಾಲದಲ್ಲಿ ತೋಡಿದ್ದು ಎಂಬಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸೊಪ್ಪು ಬೆಳೆಯುವ ಮನೆಗೆ ಅದಕ್ಕಿಂತ ಜರೂರಾಗಿ ಬೇಕಾದದ್ದು ಯಾವ ಪಾತಿಯಲ್ಲಿ ಯಾವ ವರ್ಷ ಏನು ಕೆಟ್ಟಿತು ಎಂಬ ಲೆಕ್ಕ. ಕೋಸು, ಸಾಸಿವೆ ಜಾತಿಯ ಬೇರಿಗೆ ಗಂಟು ಕಟ್ಟಿಸುವ ಕ್ಲಬ್‌ರೂಟ್ ರೋಗದ ಕಣಗಳು ಮಣ್ಣಿನಲ್ಲಿ 15 ವರ್ಷ ಕಳೆದರೂ ಜೀವ ಹಿಡಿದಿರಬಲ್ಲವು. ಅಪ್ಪ ಕೈಬಿಟ್ಟ ಜಾಗದಲ್ಲೇ ಮಗಳು ತಿಳಿಯದೆ ಸಾಸಿವೆ ಸೊಪ್ಪು ಹಾಕಿ ಕೈ ಸುಟ್ಟುಕೊಳ್ಳುವುದು ಹೀಗೆ.

ಈ ಲೆಕ್ಕ ಬರೆದಿಡುವುದೇ ಪಾತಿ ಪುಸ್ತಕ. ಅದರಲ್ಲಿ ಮೊದಲು ನಕ್ಷೆ. ಬಾವಿಕಟ್ಟೆ, ಗಡಿಕಲ್ಲಿನಂಥ ಕದಲದ ಗುರುತಿನಿಂದ ಟೇಪು ಹಿಡಿದು ಅಳೆಯಿರಿ. ಪಾತಿ 1ರಿಂದ 1.2 ಮೀಟರ್ ಅಗಲವಿದ್ದರೆ ಎರಡೂ ಬದಿಯಿಂದ ಕೈ ನಿಲುಕುತ್ತದೆ. ಒಮ್ಮೆ ಕೊಟ್ಟ ನಂಬರು ಶಾಶ್ವತ. ಪಾತಿ 7 ಒಡೆದರೆ 7ಅ, 7ಆ ಆಗುತ್ತದೆಯೇ ಹೊರತು ಹಳೆಯ ನಂಬರು ಬೇರೆ ಪಾತಿಗೆ ಹೋಗಕೂಡದು. ಹೋದರೆ ಹಿಂದಿನ ಪುಟಗಳೆಲ್ಲ ಸುಳ್ಳು ಹೇಳತೊಡಗುತ್ತವೆ.

ಹಿರಿಯರನ್ನು ಜಗಲಿಯಲ್ಲಿ ಕೂರಿಸಿ ಕೇಳಬೇಡಿ, ಪಾತಿಯ ಮೇಲೆ ನಡೆಸುತ್ತಾ ಕೇಳಿ. ನೀರು ಎಲ್ಲಿ ನಿಲ್ಲುತ್ತಿತ್ತು, ಮೊಳಕೆ ಎಲ್ಲಿ ಕೊಳೆಯುತ್ತಿತ್ತು, ಯಾವ ಬೆಳೆ ಬಿಟ್ಟಿರಿ, ಯಾಕೆ? ಇಸವಿ ನೆನಪಾಗದಿದ್ದರೆ ಮದುವೆ, ಹೆರಿಗೆ, ನೆರೆ ಬಂದ ವರ್ಷಕ್ಕೆ ಜೋಡಿಸಿ ಕೇಳಿ. ಬಾಯಿಮಾತಿನ ಸಂಗತಿ ಪೆನ್ಸಿಲಿನಲ್ಲಿರಲಿ, ಬೀಜದ ರಸೀದಿಯೋ ಹಳೆಯ ಫೋಟೊವೋ ಒಪ್ಪಿದ ಮೇಲೆ ಪೆನ್ನಿನಲ್ಲಿ ತಿದ್ದಿ.

ಇನ್ನು ಮುಂದಿನದು ಒಂದು ಬಿತ್ತನೆಗೆ ಒಂದು ಸಾಲು. ಮಾದರಿಗೆ: "7ಅ. ಪಾಲಕ್. ಮನೆಬೀಜ. ಬಿತ್ತಿದ್ದು ಜೂನ್ 4, ಮೊಳೆತದ್ದು ಜೂನ್ 12, ಮೊದಲ ಕೊಯ್ಲು ಜುಲೈ 14, 9 ಕಿಲೊ. ಪೂರ್ವದ ಮೂಲೆಯಲ್ಲಿ ಎಲೆ ಮೇಲೆ ಹಳದಿ ಮಚ್ಚೆ, ಅಡಿಯಲ್ಲಿ ಬೂದು ಬೂಷ್ಟು." ಕಡೆಯ ವಾಕ್ಯವೇ ಬಂಗಾರ. ಅದು ಡೌನಿ ಮಿಲ್ಡ್ಯೂ ಎಂಬ ಎಲೆರೋಗ ಎಂದು ಹೆಸರು ಗೊತ್ತಿಲ್ಲದಿದ್ದರೂ ಕಂಡದ್ದನ್ನು ಕಂಡಹಾಗೆ ಬರೆದಿದ್ದರೆ ಮುಂದಿನವರು ಗುರುತು ಹಿಡಿಯುತ್ತಾರೆ.

"ಮೊಳಕೆ ಬರಲಿಲ್ಲ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಮಣ್ಣು ಕೆದಕಿ ನೋಡಿ. ಬೀಜ ಗಟ್ಟಿಯಾಗಿಯೇ ಇದ್ದರೆ ತೇವ ಸಾಲದು ಅಥವಾ ಬಿಸಿ ಹೆಚ್ಚಾಗಿದೆ. ಮಣ್ಣು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೆಟ್ಯೂಸ್ ಬೀಜ ಮಲಗಿಬಿಡುತ್ತದೆ, ಪಾಲಕ್ ಕೂಡ ಸರಿಯಾಗಿ ಏಳುವುದಿಲ್ಲ. ಬೀಜ ಮೆತ್ತಗಾಗಿದ್ದರೆ ನೀರು ನಿಂತು ಕೊಳೆತದ್ದು. ಬೀಜವೇ ಇಲ್ಲವೆಂದರೆ ಇರುವೆ ಅಥವಾ ಹಕ್ಕಿಯ ಕೆಲಸ. ಹುಟ್ಟಿದ ಸಸಿ ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿದರೆ ಸಸಿ ಕೊಳೆ ರೋಗ: ಬೀಜ ಒತ್ತಾಗಿ ಬಿದ್ದಿದೆ, ನೀರು ಜಾಸ್ತಿಯಾಗಿದೆ. ಹರಿವೆ ಬೀಜವಂತೂ ತೀರಾ ಸಣ್ಣದು. ಹತ್ತು ಪಾಲು ಒಣ ಮರಳಿನಲ್ಲಿ ಬೆರೆಸಿ ಚೆಲ್ಲಿ, ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಮುಚ್ಚಬೇಡಿ.

ಮನೆಬೀಜದ ವಂಶಾವಳಿಗೆ ಬೇರೆ ಪುಟ ಬೇಕು. ಇಲ್ಲಿ ತಲೆಮಾರುಗಟ್ಟಲೆ ನಡೆಯುವ ಒಂದು ತಪ್ಪಿದೆ: ಕೊಯ್ಲಿಗೆ ಸಿಗದೆ ಬೇಗ ಹೂಬಿಟ್ಟ ಗಿಡ ಹೇಗೂ ದಂಡ ಎಂದು ಅದರಿಂದಲೇ ಬೀಜ ತೆಗೆಯುವುದು. ಹತ್ತಾರು ವರ್ಷ ಹೀಗೆ ಮಾಡಿದರೆ ತಳಿಯೇ ಅವಸರದ ತಳಿಯಾಗಿ, ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂದಂಟು ಎತ್ತುತ್ತದೆ. ಮೊದಲು ಹೂಬಿಟ್ಟವನ್ನು ಕಿತ್ತೆಸೆಯಿರಿ, ತಡವಾಗಿ ಬಿಟ್ಟವುಗಳಿಂದ ಬೀಜ ಹಿಡಿಯಿರಿ. ಲೆಟ್ಯೂಸ್ ಹೆಚ್ಚಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಸಲೀಸು. ಹರಿವೆಯ ಪರಾಗವನ್ನು ಗಾಳಿ ಒಯ್ಯುತ್ತದೆ. ಕೆಂಪು, ಹಸಿರು ಎರಡನ್ನೂ ಅಕ್ಕಪಕ್ಕ ಬೀಜಕ್ಕೆ ಬಿಟ್ಟರೆ ಬಣ್ಣ ಕಲೆಯುತ್ತದೆ. ಡಬ್ಬಿಯ ಮೇಲೆ ಪಾತಿ ನಂಬರು, ವರ್ಷ ಎರಡೂ ಇರಲಿ. ಬಿತ್ತುವ ಮುಂಚೆ 100 ಬೀಜ ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆತವೆಂದು ಎಣಿಸಿ ಪುಟದಲ್ಲಿ ಗುರುತು ಮಾಡಿ.

ಗೊಬ್ಬರದ ಕಾಲಂ ಬೇಜಾರಿನದು, ಆದರೂ ಬಿಡಬೇಡಿ. ವರ್ಷಕ್ಕೆ ಹಲವು ಬೆಳೆ ತೆಗೆಯುವ ಪಾತಿಗೆ ಪ್ರತಿಸಲ ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ ಸುರಿದರೆ ಮಣ್ಣಿನಲ್ಲಿ ರಂಜಕ (ಫಾಸ್ಫರಸ್) ಬೆಳೆಯ ಬೇಡಿಕೆಗಿಂತ ಹೆಚ್ಚು ಶೇಖರವಾಗುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ, ಪ್ರತಿಸಲವೂ ಒಂದೇ ಋತುವಿನಲ್ಲಿ, 15 ಸೆಂ.ಮೀ. ಆಳದ ಮಣ್ಣನ್ನು ಹತ್ತು-ಹದಿನೈದು ಕಡೆಯಿಂದ ತೆಗೆದು ಕಲಸಿ ಪರೀಕ್ಷೆಗೆ ಕಳಿಸಿ. ಕ್ಲಬ್‌ರೂಟ್ ಇದ್ದ ಪಾತಿಗೆ ಸುಣ್ಣ ಹಾಕಿ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 7.2ರ ಆಸುಪಾಸಿಗೆ ತಂದರೆ ರೋಗದ ಜೋರು ತಗ್ಗುತ್ತದೆ. ಕಣಗಳು ಮಾತ್ರ ನಾಶವಾಗುವುದಿಲ್ಲ, ಹಾಗಾಗಿ ಸುಣ್ಣ ಹಾಕಿದ ತಾರೀಕಿನ ಪಕ್ಕದಲ್ಲೇ ರೋಗದ ಗುರುತೂ ಉಳಿಯಬೇಕು.

ಬರೆಯುವ ಕೆಲಸ ಕಿರಿಯರದಾಗಲಿ, ಹಿರಿಯರು ಇನ್ನೂ ತೋಟಕ್ಕೆ ಇಳಿಯುತ್ತಿರುವಾಗಲೇ. ಕನಿಷ್ಠ ಒಂದು ಪೂರ್ತಿ ವರ್ಷ ಇಬ್ಬರೂ ಒಟ್ಟಿಗಿದ್ದರೆ ಎಲ್ಲ ಋತುಗಳೂ ಒಮ್ಮೆ ಪುಸ್ತಕಕ್ಕೆ ಬರುತ್ತವೆ. ವರ್ಷಕ್ಕೊಮ್ಮೆ ಪುಟಗಳ ಫೋಟೊ ತೆಗೆದು ಬೇರೆ ಮನೆಯಲ್ಲೂ ಒಂದು ಪ್ರತಿ ಇಡಿ. ಜಮೀನು ಪಾಲಾಗುವ ದಿನ ಬಂದರೆ ಆಯಾ ಪಾತಿಯ ಪುಟಗಳು ಆಯಾ ಪಾಲಿನವರಿಗೆ, ಮನೆಬೀಜ ಮಾತ್ರ ಎಲ್ಲರಿಗೂ ಒಂದೊಂದು ಡಬ್ಬಿ.