ಬ್ಯಾಂಕಾಕಿನಲ್ಲಿ ವ್ಯಾನ್ ಇಲ್ಲದೆ ಐದು ದಿನ: ನನ್ನ ಅನುಭವ

ಹೊರಡೋ ಮುಂಚೆ ಭಾವ ಹೇಳಿದ್ದು ಒಂದೇ ಮಾತು. "ಅತ್ತೆ ಮಾವನ್ನ ಕರ್ಕೊಂಡು ಬ್ಯಾಂಕಾಕಲ್ಲಿ ರೈಲು, ಬೋಟು ಅಂತ ಅಲೆಸ್ತೀಯಾ? ಸುಮ್ನೆ ವ್ಯಾನ್ ಮಾಡು." ನಮ್ಮೂರಿನ ಟ್ರಾವೆಲ್ಸ್‌ನವನೂ ಅದನ್ನೇ ಹೇಳಿದ, ದಿನಕ್ಕೆ ಸುಮಾರು 3,000 ಬಾತ್ ಕೇಳಿದ. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಮೇಲೆ ಹಾಕಿ ಲೆಕ್ಕ ಮಾಡಿಕೊಳ್ಳಿ. ನಾವು ಐದು ಜನ: ಅಪ್ಪ, ಅಮ್ಮ, ಅಕ್ಕ, ಭಾವ, ನಾನು. ಅಮ್ಮನಿಗೆ ಮಂಡಿ ನೋವು. ಅಪ್ಪ ಕೆಎಸ್ಸಾರ್ಟಿಸಿ ರಿಟೈರ್ಡ್ ಕಂಡಕ್ಟರ್, ಅವರಿಗೆ ಯಾವ ಗಾಡಿಯಾದರೂ ಸೈ.

ಮೊದಲ ಎರಡು ದಿನ ಭಾವನೇ ಗೆದ್ದರು, ಒಪ್ಪಿಕೊಳ್ತೀನಿ.

ತಪ್ಪು ನನ್ನದೇ. ಮುನ್ನೂರು ನಾನೂರು ಬಾತ್ ಉಳಿಯುತ್ತೆ ಅಂತ ಸುಖುಮ್ವಿತ್ ರಸ್ತೆಯ ಒಂದು ಸೋಯ್ (ಅಡ್ಡರಸ್ತೆ) ಒಳಗೆ, ತುಂಬಾ ಒಳಗೆ, ಹೋಟೆಲ್ ಬುಕ್ ಮಾಡಿದ್ದೆ. ಆ ರಸ್ತೆಯ ಒಂದು ಬದಿ ಬೆಸ ಸಂಖ್ಯೆಯ ಸೋಯ್, ಇನ್ನೊಂದು ಬದಿ ಸಮ ಸಂಖ್ಯೆ. ಆದರೆ 21ರ ಎದುರಿಗೆ 22 ಇರುತ್ತೆ ಅಂದುಕೊಂಡರೆ ಕೆಟ್ಟಿರಿ. ಸ್ಟೇಷನ್ನಿಂದ ಹೋಟೆಲಿಗೆ ಒಂದು ಕಿಲೋಮೀಟರ್ ಮೇಲೆ, ಆ ಸೆಕೆಯಲ್ಲಿ ಅಮ್ಮ ಎರಡು ಸಲ ಅಂಗಡಿ ಮೆಟ್ಟಿಲ ಮೇಲೆ ಕೂತರು. ಸಂಜೆ ಚೈನಾಟೌನ್‌ಗೆ ಅಂತ ಎರಡು ಟ್ಯಾಕ್ಸಿ ಮಾಡಿದೆವು. ಒಬ್ಬ ಮೀಟರ್ ಹಾಕಿದ, ಇನ್ನೊಬ್ಬ ಹಾಕಲೇ ಇಲ್ಲ, 400 ಅಂದ. ಒಂದೂವರೆ ಗಂಟೆ ಒಂದೇ ಸಿಗ್ನಲ್ ನೋಡ್ತಾ ಕೂತಿದ್ದು. ಸಿಲ್ಕ್ ಬೋರ್ಡ್ ಇದಕ್ಕಿಂತ ವಾಸಿ ಅಂದರು ಅಪ್ಪ.

ಅದಕ್ಕೂ ಮುಂಚೆ ಇನ್ನೊಂದು ಪೆದ್ದತನ ಆಗಿತ್ತು. ಬಿಟಿಎಸ್ (ಮೇಲ್ಸೇತುವೆ ರೈಲು) ಸ್ಟೇಷನ್ನಲ್ಲಿ ಐದು ಜನಕ್ಕೂ ಮೊದಲೇ ದುಡ್ಡು ತುಂಬಿಸಿಕೊಳ್ಳೋ ರ್‍ಯಾಬಿಟ್ ಕಾರ್ಡ್ ಮಾಡಿಸಿದೆ, ಪಾಸ್‌ಪೋರ್ಟ್ ಎಲ್ಲ ತೋರಿಸಿ. ಒಂದಕ್ಕೆ 200, ಅದರಲ್ಲಿ 100 ಕಾರ್ಡಿಗೇ ಹೋಯ್ತು. ಅಂದರೆ 500 ಬಾತ್ ಶಿವಾರ್ಪಣ. ಆಮೇಲೆ ಎಂಆರ್‌ಟಿ (ನೆಲದಡಿಯ ಮೆಟ್ರೋ) ಗೇಟಿಗೆ ಹೋಗಿ ಅದನ್ನೇ ಉಜ್ಜಿದರೆ ಗೇಟು ಅಲ್ಲಾಡಲಿಲ್ಲ. ಅದು ಬೇರೆ ಕಂಪನಿ, ಇದು ಬೇರೆ ಕಂಪನಿ. ಎಂಆರ್‌ಟಿಯಲ್ಲಿ ಬ್ಯಾಂಕ್ ಕಾರ್ಡೇ ಟ್ಯಾಪ್ ಮಾಡಬಹುದು, ಆದರೆ ಒಂದು ಕಾರ್ಡಿಗೆ ಒಬ್ಬರೇ. ನನ್ನ ಕಾರ್ಡಲ್ಲಿ ವಿದೇಶದ ಟ್ಯಾಪ್ ಆನ್ ಮಾಡಿರಲಿಲ್ಲ, ಗೇಟ್ ಮುಂದೆ ನಿಂತು ಬ್ಯಾಂಕ್ ಆ್ಯಪ್ ತೆಗೆದು ಒದ್ದಾಡಿದೆ. ಉಳಿದವರಿಗೆ ಮಷೀನಿನಲ್ಲಿ ಕರಿ ಟೋಕನ್ ತೊಗೊಂಡೆ. ಕೊನೆಗೆ ಎಲ್ಲರಿಗೂ ಟೋಕನ್ನೇ ಸಲೀಸಾಯ್ತು.

ಮೂರನೇ ದಿನ ಬೆಳಿಗ್ಗೆ ಒಂದು ರಾತ್ರಿಯ ಬಾಡಿಗೆ ಹೋದರೆ ಹೋಗಲಿ ಅಂತ ಹೋಟೆಲ್ ಬದಲಾಯಿಸಿದೆ. ಇಲ್ಲಿಂದ ಆಟ ತಿರುಗಿತು. ಹೊಸ ಹೋಟೆಲ್ ಫೆಚ್ಚಬುರಿ ಹತ್ತಿರ. ಫೆಚ್ಚಬುರಿ ಎಂಆರ್‌ಟಿ ಸ್ಟೇಷನ್ ಸುತ್ತಮುತ್ತ ಮ್ಯಾಪಲ್ಲಿ ಒಮ್ಮೆ ನೋಡಿ. ಕಾಲಡಿಯಲ್ಲಿ ಎಂಆರ್‌ಟಿ. ಪಕ್ಕದಲ್ಲೇ ಮಕ್ಕಸನ್, ಅಂದರೆ ಏರ್‌ಪೋರ್ಟ್ ರೈಲು. ಮೂರು ನಿಮಿಷ ನಡೆದರೆ ಸೆನ್ ಸೆಪ್ ಕಾಲುವೆಯ ಅಸೋಕ್ ಬೋಟ್ ಜೆಟ್ಟಿ. ಒಂದು ಸ್ಟಾಪ್ ಹೋದರೆ ಬಿಟಿಎಸ್. ನಾಲ್ಕೂ ಒಂದೇ ಗಂಟು. ಪ್ರವಾಸಿಗರು ಜಾಸ್ತಿ ಈ ಕಡೆ ಉಳಿಯಲ್ಲ, ನೋಡೋಕೆ ಏನೂ ಇಲ್ಲ ಅಂತ. ಹೋಟೆಲ್ ಹೆಸರು ಮಾತ್ರ ಹೇಳಲ್ಲ, ಮುಂದಿನ ಸಲ ನನಗೆ ರೂಮ್ ಬೇಕು.

ಅಲ್ಲಿಂದ ಸನಮ್ ಚಾಯ್ ಸ್ಟೇಷನ್‌ಗೆ ಒಂದೇ ರೈಲು, ಇಪ್ಪತ್ತು ಇಪ್ಪತ್ತೈದು ನಿಮಿಷ, ಎಸಿ. ಒಳಗೆ ಅರಮನೆ ದರ್ಬಾರಿನ ಥರ ಕಂಬಗಳು. ಅಮ್ಮ ಅದೇ ದೇವಸ್ಥಾನ ಅಂದುಕೊಂಡು ಕೈ ಮುಗಿದರು. ಮೇಲೆ ಬಂದರೆ ವಾಟ್ ಫೋ ದೇವಸ್ಥಾನ ಐದು ನಿಮಿಷ. ಗ್ರ್ಯಾಂಡ್ ಪ್ಯಾಲೇಸ್ ಗೋಡೆ ಹತ್ತಿರ ಇಸ್ತ್ರಿ ಶರ್ಟಿನವನೊಬ್ಬ "ಇವತ್ತು ಕ್ಲೋಸ್, ಟುಕ್ ಟುಕ್ ಇಪ್ಪತ್ತು ಬಾತ್" ಅಂತ ಶುರು ಮಾಡಿದ. ಸುಳ್ಳು ಹೇಳಿ ಟುಕ್ ಟುಕ್, ಅಂದರೆ ಅಲ್ಲಿನ ಆಟೋ, ಹತ್ತಿಸೋ ಹಳೇ ಮೋಸ ಇದು. ಅಪ್ಪ ಆಗಲೇ ಒಂದು ಕಾಲು ಒಳಗಿಟ್ಟಿದ್ದರು, ಎಳೆದುಕೊಂಡು ಬಂದೆ.

ವಾಪಸ್ ಬರುವಾಗ ನದಿ. ಥಾ ತಿಯನ್ ಜೆಟ್ಟಿಯಿಂದ ಆಚೆ ದಡದ ವಾಟ್ ಅರುಣ್‌ಗೆ ಐದಾರು ಬಾತ್ ಕೊಟ್ಟು ದಾಟಿದೆವು. ಅಲ್ಲಿಂದ ಕಿತ್ತಳೆ ಬಾವುಟದ ಬೋಟು, ನಾವು ಹೋದಾಗ ಎಲ್ಲಿಗಾದರೂ 16 ಬಾತ್ ಇತ್ತು. ನೀಲಿ ಬಾವುಟದ್ದು ಪ್ರವಾಸಿಗರದು, ಅದಕ್ಕೆ ದುಡ್ಡು ಜಾಸ್ತಿ, ನೀರು ಒಂದೇ. ಸಾಥೋನ್‌ನಲ್ಲಿ ಇಳಿದರೆ ತಲೆ ಮೇಲೇ ಸಫಾನ್ ತಕ್ಸಿನ್ ಬಿಟಿಎಸ್. ಲಿಫ್ಟ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ, ಎಲ್ಲ ದ್ವಾರಕ್ಕೂ ಎಸ್ಕಲೇಟರ್ ಇಲ್ಲ. ಬಿಟಿಎಸ್ ಬಿಟ್ಟು ಎಂಆರ್‌ಟಿ ಹತ್ತಿದರೆ ಚಾರ್ಜು ಮತ್ತೆ ಮೊದಲಿಂದ, ನಾವು ಹೋದಾಗ ಹದಿನೇಳು ಬಾತಿಂದ. ಐದು ಜನಕ್ಕೆ ಇದು ಸಣ್ಣ ದುಡ್ಡಲ್ಲ. ಎಲ್ಲಿ ಬದಲಾಯಿಸಿದರೆ ಕಮ್ಮಿ ಅಂತ ಒಂದು ಲೆಕ್ಕ ಹಾಕಿಟ್ಟಿದ್ದೀನಿ, ಅದನ್ನ ನೀವೇ ಹಾಕಿ ನೋಡಿ, ಮಜಾ ಇರುತ್ತೆ.

ಭಾವನ ಬಾಯಿ ಮುಚ್ಚಿಸಿದ್ದು ಶುಕ್ರವಾರ ಸಂಜೆ ಐದೂವರೆಗೆ. ಪ್ರತೂನಾಮ್ ಮಾರ್ಕೆಟ್‌ಗೆ ಹೋಗಬೇಕಿತ್ತು. ಅಮ್ಮ ರೂಮಲ್ಲಿ ಮಲಗಿದ್ದರು. ಅಕ್ಕ, ಭಾವ ಟ್ಯಾಕ್ಸಿ. ಅಪ್ಪ, ನಾನು ಕಾಲುವೆ ಬೋಟು. ಬೋಟು ನಿಲ್ಲೋದು ನಾಲ್ಕೈದು ಸೆಕೆಂಡ್, ಹಗ್ಗ ಹಿಡಿದು ಅಂಚಿನ ಮೇಲೆ ಕಾಲಿಟ್ಟು ಒಳಗೆ ಧುಮುಕಬೇಕು. ಮಂಡಿ ನೋವಿನವರಿಗೆ ಬೇಡವೇ ಬೇಡ. ನೀರು ಕಪ್ಪು, ವಾಸನೆ. ಎದುರಿಂದ ಬೋಟು ಬಂದರೆ ಪಕ್ಕದಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು, ಅಪ್ಪನಿಗೆ ಆ ಡ್ಯೂಟಿ ಸಿಕ್ಕಿತು. ಹೆಲ್ಮೆಟ್ ಹಾಕಿಕೊಂಡ ಕಂಡಕ್ಟರ್ ಬೋಟಿನ ಹೊರ ಅಂಚಿನಲ್ಲೇ ನಡೆದು ಟಿಕೆಟ್ ಕೊಡೋದು ನೋಡಿ ಅವರು ಮಾತೇ ಬಿಟ್ಟರು. ಇಬ್ಬರಿಗೂ ಸೇರಿ ಮೂವತ್ತು ಬಾತ್ ಒಳಗೆ, ಹತ್ತು ಹನ್ನೆರಡು ನಿಮಿಷ. ನಾವು ದಾಳಿಂಬೆ ಜ್ಯೂಸ್ ಕುಡಿದು, ಎರಡು ಅಂಗಡಿ ಚೌಕಾಸಿ ಮಾಡಿ ಮುಗಿಸಿದ ಮೇಲೆ ಭಾವ ಬಂದರು. ಮುಕ್ಕಾಲು ಗಂಟೆ ತಡ.

ಅಪ್ಪನಿಗೆ ಹುಚ್ಚು ಹತ್ತಿತು. ಮರುದಿನ ಎಸಿ ಇಲ್ಲದ ಕೆಂಪು ಬಸ್ಸು ಬೇಕು ಅಂದರು, ಎಂಟು ಬಾತ್. ಅಲ್ಲಿ ಕಂಡಕ್ಟರ್ ಕೈಯಲ್ಲಿ ಉದ್ದನೆ ತಗಡಿನ ಕೊಳವೆ. ಅದರೊಳಗೇ ಚಿಲ್ಲರೆ, ಅದರೊಳಗೇ ಟಿಕೆಟ್ ಸುರುಳಿ, ಮುಚ್ಚಳ ಟಕಟಕ ಬಡಿದು ದುಡ್ಡು ಕೇಳೋದು, ಅದೇ ಮುಚ್ಚಳದಲ್ಲಿ ಟಿಕೆಟ್ ಹರಿಯೋದು. ಆಯಮ್ಮ ಅದನ್ನ ಅಪ್ಪನ ಕೈಗೆ ಕೊಟ್ಟಳು. ಅವರೂ ಎರಡು ಸಲ ಬಡಿದರು. ಬಸ್ಸು ನಾಲ್ಕು ಸ್ಟಾಪಿಗೆ ನಲವತ್ತು ನಿಮಿಷ ತೊಗೊಂಡಿತು, ಹೋಗಬೇಕಾದ ಕಡೆಗೂ ಹೋಗಲಿಲ್ಲ. ಕೊನೆಗೆ ಇಳಿದು, ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿಯವನ ಹಿಂದೆ ಅಪ್ಪನ್ನ ಕೂರಿಸಿ ಕಳಿಸಿದೆ. ಅಮ್ಮನಿಗೆ ಇದನ್ನ ಇನ್ನೂ ಹೇಳಿಲ್ಲ.

ಒಟ್ಟು ಖರ್ಚು, ಹಾಳು ಮಾಡಿದ್ದೂ ಸೇರಿ, 4,000 ಬಾತ್ ಆಸುಪಾಸು. ವ್ಯಾನ್ ಆಗಿದ್ದರೆ 15,000. ರ್‍ಯಾಬಿಟ್ ಕಾರ್ಡುಗಳು ನಾಲ್ಕು ನನ್ನ ಹತ್ತಿರ ಇವೆ, ಚಿಲ್ಲರೆ ಸ್ವಲ್ಪ ಉಳಿದಿದೆ, ಹೋಗುವವರು ಯಾರಾದರೂ ಇದ್ದರೆ ತೊಗೊಳ್ಳಿ. ಐದನೆಯದನ್ನ ಭಾವ ವಾಪಸ್ ಕೊಟ್ಟಿಲ್ಲ.