ಬ್ಯಾಗಿನೊಳಗೆ ನಿದ್ದೆ ಮಾಡದ ಲ್ಯಾಪ್‌ಟಾಪ್

ಲಿನಕ್ಸ್ ಹಾಕಿದ ನನ್ನ ಲ್ಯಾಪ್‌ಟಾಪನ್ನು ಸಂಜೆ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರೆ, ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಬಿಸಿಯಾಗಿರುತ್ತಿತ್ತು. ಬ್ಯಾಟರಿಯೂ ಇಳಿದಿರುತ್ತಿತ್ತು. ಮನೆಯಲ್ಲಿ ಮೇಜಿನ ಮೇಲೆ ರಾತ್ರಿಯಿಡೀ ಮುಚ್ಚಿಟ್ಟರೆ ಮಾತ್ರ ಏನೂ ಆಗುತ್ತಿರಲಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಲಿನಕ್ಸನ್ನು ಶುರು ಮಾಡುವ ಗ್ರಬ್‌ನಲ್ಲಿ ಸ್ಲೀಪ್ ಮೋಡನ್ನು 'ಡೀಪ್' (ಆಳ ನಿದ್ದೆ) ಮಾಡಿ ಅಂತ. ಸುಮ್ನೆ ಹಾಕಬೇಡಿ. ಮೊದಲು ಸಿಸ್ ಕೆಳಗಿನ ಪವರ್ ಫೋಲ್ಡರಿನಲ್ಲಿ ಮೆಮ್_ಸ್ಲೀಪ್ (/sys/power/mem_sleep) ಅನ್ನುವ ಫೈಲ್ ಓದಿ. ಅಲ್ಲಿ 'ಡೀಪ್' ಇದ್ದರೆ ಮಾತ್ರ ಆ ಮದ್ದು ಕೆಲಸ ಮಾಡುತ್ತದೆ. ನನ್ನದರಲ್ಲಿ 'ಎಸ್2ಐಡಲ್' ಅನ್ನುವ ಹಗುರ ನಿದ್ದೆ ಒಂದೇ ಇತ್ತು. ಅಂದರೆ 'ಡೀಪ್'ಗೆ ಬೇಕಾದ ಹಳೆಯ ಎಸ್3 ನಿದ್ದೆಯನ್ನು ಮಷೀನಿನ ಮೂಲ ತಂತ್ರಾಂಶವಾದ ಫರ್ಮ್‌ವೇರೇ ಕೊಡುತ್ತಿಲ್ಲ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಹೀಗೇ.

ಆಮೇಲೆ ಸಿಸ್ಟಮ್ಮಿನ ಲಾಗ್ ಆದ ಜರ್ನಲ್‌ನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಬರೆದ ಸಾಲುಗಳನ್ನಷ್ಟೇ ತೆಗೆದು, ಮಲಗಿದ್ದನ್ನು ಹೇಳುವ 'ಸಸ್ಪೆಂಡ್ ಎಂಟ್ರಿ', ಎದ್ದದ್ದನ್ನು ಹೇಳುವ 'ಸಸ್ಪೆಂಡ್ ಎಕ್ಸಿಟ್' ಹುಡುಕಿದೆ. ಎಂಟ್ರಿ ಇದ್ದು ಎಕ್ಸಿಟ್ ಇಲ್ಲದಿದ್ದರೆ ಮಷೀನು ನಡುವೆಯೇ ಹ್ಯಾಂಗ್ ಆಗಿರಬಹುದು; ಆ ದಾರಿ ಬೇರೆ. ನನ್ನ ಲಾಗ್‌ನಲ್ಲಿ ಎರಡೂ ಜೋಡಿ ಜೋಡಿಯಾಗಿ ಬಸ್ ಪ್ರಯಾಣದುದ್ದಕ್ಕೂ ಇದ್ದವು. ಲ್ಯಾಪ್‌ಟಾಪ್ ಏಳುತ್ತಿತ್ತು. ಮುಚ್ಚಳ ಮುಚ್ಚಿದೆ ಅಂತ, ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಮತ್ತೆ ಮಲಗಿಸುತ್ತಿತ್ತು. ಮತ್ತೆ ಯಾರೋ ಎಬ್ಬಿಸುತ್ತಿದ್ದರು.

ಯಾರಿಗೆಲ್ಲ ಎಬ್ಬಿಸುವ ಹಕ್ಕಿದೆ ಅನ್ನುವುದು ಪ್ರಾಕ್ ಕೆಳಗಿನ ಎಸಿಪಿಐ ಫೋಲ್ಡರಿನ ವೇಕಪ್ ಫೈಲಿನಲ್ಲಿ (/proc/acpi/wakeup) ಇರುತ್ತದೆ. ಅಲ್ಲಿ ಮುಚ್ಚಳದ ಜೊತೆ 'ಎಕ್ಸ್ಎಚ್‌ಸಿ', ಅಂದರೆ ಯುಎಸ್‌ಬಿ ಕಂಟ್ರೋಲರ್ ಕೂಡ ಎನೇಬಲ್ ಆಗಿತ್ತು. ನನ್ನ ವೈರ್‌ಲೆಸ್ ಮೌಸ್‌ನ ರಿಸೀವರ್ ಯಾವಾಗಲೂ ಪೋರ್ಟಿನಲ್ಲೇ ಇರುತ್ತಿತ್ತು, ಮೌಸ್ ಅದೇ ಬ್ಯಾಗಿನಲ್ಲಿ. ಬಸ್ಸು ಕುಲುಕಿದರೆ ಮೌಸ್ ಅಲುಗದೆ ಇರುತ್ತದಾ? ಮರುದಿನ ರಿಸೀವರ್ ಕಿತ್ತಿಟ್ಟು ಬಂದೆ. ಲಾಗ್‌ನಲ್ಲಿ ಒಂದೇ ಜೋಡಿ ಸಾಲು!

ಆ ಫೈಲಿಗೆ 'ಎಕ್ಸ್ಎಚ್‌ಸಿ' ಅಂತ ಬರೆದರೆ ಅದು ಆಫ್ ಆಗುತ್ತದೆ. ಇನ್ನೊಮ್ಮೆ ಬರೆದರೆ ಮತ್ತೆ ಆನ್, ರೀಬೂಟ್ ಆದರೂ ಹಳೇ ಸ್ಥಿತಿಗೇ. ಅದಕ್ಕಿಂತ ಜಾಸ್ತಿ ತೊಂದರೆ ಅಂದರೆ ಯುಎಸ್‌ಬಿ ಕೀಬೋರ್ಡಿನಿಂದಲೂ ಎಬ್ಬಿಸಲು ಆಗುವುದಿಲ್ಲ. ಹಾಗಾಗಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್ಎಸ್‌ಯುಎಸ್‌ಬಿ (lsusb) ಕಮಾಂಡಿನಲ್ಲಿ ರಿಸೀವರಿನ ಐಡಿ ನೋಡಿಕೊಂಡು, ಅದೊಂದರ ಪವರ್ ವೇಕಪ್ ಅನ್ನು 'ಡಿಸೇಬಲ್ಡ್' ಮಾಡುವ ಯುಡೆವ್ (ಸಾಧನಗಳನ್ನು ನಿರ್ವಹಿಸುವ ವ್ಯವಸ್ಥೆ) ರೂಲ್ ಬರೆದೆ. ಒಂದೇ ಸಾಲು, ಪ್ರತಿ ಬೂಟಿನಲ್ಲೂ ತಾನೇ ಅನ್ವಯವಾಗುತ್ತದೆ.

ಪರೀಕ್ಷೆಗೆ, ಮಲಗಿಸಿ ಹೇಳಿದ ಹೊತ್ತಿಗೆ ಎಬ್ಬಿಸುವ ಆರ್‌ಟಿಸಿವೇಕ್ (rtcwake) ಅನ್ನುವ ಕಮಾಂಡ್ ಇದೆ. 60 ಸೆಕೆಂಡಿಗೆ ಎದ್ದೇಳು ಅಂತ ಹೇಳಿ ಮಲಗಿಸಿದೆ, ಮೌಸನ್ನು ಬೇಕಂತಲೇ ಅಲುಗಿಸುತ್ತಾ ಕೂತೆ. ನಿಮಿಷ ಮುಗಿದ ಮೇಲೆಯೇ ಎದ್ದಿತು. ಇನ್ನೊಮ್ಮೆ ಮಲಗಿಸಿ ಯುಎಸ್‌ಬಿ ಕೀಬೋರ್ಡಿನ ಕೀ ಒತ್ತಿದೆ, ತಕ್ಷಣ ಎದ್ದಿತು.